ಅಬಕಾರಿ ಖಾತೆಗೂ ಆರೋಗ್ಯ ಖಾತೆಗೂ ನಡುವೆ

ಚುನಾವಣೆ ಬಂದಾಗಲೆಲ್ಲ ಮದ್ಯದ ಮಾತು ವೇದಿಕೆ ಏರುತ್ತದೆ. ಒಬ್ಬರು ಅಂಗಡಿ ಮುಚ್ಚಿಸುತ್ತೇವೆ ಎನ್ನುತ್ತಾರೆ, ಮತ್ತೊಬ್ಬರು ಕಳ್ಳಭಟ್ಟಿ ಹಿಡಿಯುತ್ತೇವೆ ಎನ್ನುತ್ತಾರೆ. ಕುಡಿತ ಬಿಡಬೇಕೆಂದರೂ ಬಿಡಲಾಗದೆ ಒದ್ದಾಡುವವನಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಇಬ್ಬರ ಉತ್ತರವೂ ಬಹುತೇಕ ಒಂದೇ: ಶಿಬಿರ ಮಾಡಿಸೋಣ, ಬುದ್ಧಿ ಹೇಳಿಸೋಣ. ಪರದೆಯ ಮೇಲಿನ ಚರ್ಚೆಯ ಅರ್ಧ ಗಂಟೆಯಲ್ಲಿ ಈ ಪ್ರಶ್ನೆಯ ಹಿಂದಿರುವ ಚರಿತ್ರೆಯನ್ನು ಹೇಳಲು ಅವಕಾಶವಾಗುವುದಿಲ್ಲ. ಆದ್ದರಿಂದ ಓದುಗರೇ, ಆ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಇದಕ್ಕೆ ನಾನು ಆರಿಸಿಕೊಂಡಿರುವುದು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿ ಪಟ್ಟಿಯನ್ನು. (ಭಟ್ಕಳದ ಹೊಳೆಗೆ ಶರಾಬಿ ಎಂಬ ಹೆಸರಿದೆ. ಹಾಗೆಂದು ನಗಬೇಡಿ, ಆಯ್ಕೆಗೆ ಅದು ಕಾರಣವಲ್ಲ.) ಕರ್ನಾಟಕದಲ್ಲಿ ಮದ್ಯನೀತಿಯ ಏರಿಳಿತಗಳನ್ನೆಲ್ಲ ಒಂದೇ ಕಡೆ ನಿಂತು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. 1862ರಲ್ಲಿ ಕೆನರಾ ಜಿಲ್ಲೆ ಎರಡಾಯಿತು. ಉತ್ತರ ಭಾಗ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. ಅಂದಿನಿಂದ 1956ರವರೆಗೆ ಭಟ್ಕಳಕ್ಕೂ ಶಿರೂರಿಗೂ ನಡುವೆ ಇದ್ದದ್ದು ಎರಡು ಪ್ರಾಂತ್ಯಗಳ ಗಡಿ. ಪೂರ್ವಕ್ಕೆ ಘಟ್ಟ ಹತ್ತಿದರೆ ಸಾಗರ, ಅದು ಮೈಸೂರು ಅರಸರ ನಾಡು. ಉತ್ತರಕ್ಕೆ ಕಾರವಾರ ದಾಟಿದರೆ ಪೋರ್ಚುಗೀಸರ ಗೋವಾ. ನಾಲ್ಕು ಸರ್ಕಾರ, ನಾಲ್ಕು ಅಬಕಾರಿ ಪದ್ಧತಿ. ಒಂದು ದಿನದ ನಡಿಗೆಯಲ್ಲಿ ಕಾಯ್ದೆ ಬದಲಾಗುವ ಊರುಗಳಿವು.

ಇಲ್ಲಿನ ಹಳೆಯ ಪೇಯ ಕಳ್ಳು. ತೆಂಗಿನ ಮರದಿಂದ, ಘಟ್ಟದ ಬುಡದಲ್ಲಿ ಬಗನಿ ಮರದಿಂದ ಅದನ್ನು ಇಳಿಸುತ್ತಿದ್ದವರಲ್ಲಿ ಹಳೇಪೈಕರು ಮುಖ್ಯರು. 1883ರಲ್ಲಿ ಪ್ರಕಟವಾದ ಕೆನರಾ ಜಿಲ್ಲೆಯ ಗ್ಯಾಸೆಟಿಯರ್ ಅವರ ಕಸುಬನ್ನು ವಿವರವಾಗಿಯೇ ದಾಖಲಿಸಿದೆ. ಅದಕ್ಕೆ ಐದು ವರ್ಷ ಮೊದಲು, 1878ರಲ್ಲಿ, ಮುಂಬಯಿ ಅಬಕಾರಿ ಕಾಯ್ದೆ ಬಂದಿತ್ತು. ಮನೆಯ ಹಿತ್ತಿಲಿನ ಮರಕ್ಕೆ ಕತ್ತಿ ಇಡಬೇಕಾದರೂ ಪರವಾನಿಗೆ ಬೇಕು, ಮರಕ್ಕೆ ಇಷ್ಟೆಂದು ತೆರಿಗೆ ಕಟ್ಟಬೇಕು ಎಂಬ ವ್ಯವಸ್ಥೆ ಬೇರೂರಿದ ಕಾಲ ಅದು. ಕುಡಿತವನ್ನು ಕಡಿಮೆ ಮಾಡುವುದೇ ಉದ್ದೇಶ ಎಂದು ಸರ್ಕಾರ ಹೇಳುತ್ತಿತ್ತು. ಆದರೆ ಬೊಕ್ಕಸದ ಲೆಕ್ಕದಲ್ಲಿ ಅಬಕಾರಿಯ ಅಂಕಿ ಮಾತ್ರ ಏರುತ್ತ ಹೋಯಿತು. ಸ್ವಾತಂತ್ರ್ಯ ಚಳವಳಿಯವರು ಗಡಂಗುಗಳ ಮುಂದೆ ಪಿಕೆಟಿಂಗ್‌ಗೆ ನಿಂತದ್ದು ನೀತಿಯ ಕಾರಣಕ್ಕೆ ಎಷ್ಟೋ, ಪರಕೀಯರ ಈ ಆದಾಯಕ್ಕೆ ಪೆಟ್ಟು ಕೊಡುವ ಕಾರಣಕ್ಕೂ ಅಷ್ಟೇ.

ಇಲ್ಲಿಂದ ಮುಂದೆ ನಮ್ಮ ಕಥೆಗೆ ರಾಜಕಾರಣಿಗಳು ಬರುತ್ತಾರೆ. ಮೊದಲನೆಯವರು ಡಾ. ಎಂ.ಡಿ.ಡಿ. ಗಿಲ್ಡರ್. ಇಂದು ಇವರ ಹೆಸರು ಕೇಳಿದವರು ಕಡಿಮೆ. ಮುಂಬಯಿಯ ಪ್ರಸಿದ್ಧ ಹೃದ್ರೋಗ ತಜ್ಞರು, ಪಾರ್ಸಿಗಳು, ಮುಂದೆ ಆಗಾಖಾನ್ ಅರಮನೆಯ ಸೆರೆವಾಸದಲ್ಲಿ ಗಾಂಧೀಜಿಯವರನ್ನು ನೋಡಿಕೊಂಡ ವೈದ್ಯರು. 1937ರಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದಾಗ ಗಿಲ್ಡರ್ ಅವರಿಗೆ ಎರಡು ಖಾತೆ ಸಿಕ್ಕಿತು: ಆರೋಗ್ಯ ಮತ್ತು ಅಬಕಾರಿ. ಎರಡೂ ಒಬ್ಬರ ಕೈಯಲ್ಲಿ, ಅದೂ ಒಬ್ಬ ವೈದ್ಯರ ಕೈಯಲ್ಲಿ! ಈ ಸಣ್ಣ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ.

1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಗೆ ಬಂತು. ಮದ್ಯದ ವ್ಯಾಪಾರದಲ್ಲಿ ಗಿಲ್ಡರ್ ಅವರ ಸ್ವಂತ ಸಮಾಜದವರೇ ಬಹಳ ಮಂದಿ ಇದ್ದರು. ಅವರ ವಿರೋಧವನ್ನು ಅವರು ಲೆಕ್ಕಿಸಲಿಲ್ಲ. ಹೋದ ಆದಾಯಕ್ಕೆ ಬದಲಾಗಿ ನಗರದ ಸ್ಥಿರಾಸ್ತಿಯ ಮೇಲೆ ಶೇ. 10ರಷ್ಟು ತೆರಿಗೆ ಹಾಕಲಾಯಿತು. ಬಡವನ ಗುಟುಕಿನಿಂದ ಬರುತ್ತಿದ್ದ ಹಣವನ್ನು ಮನೆಮಾಲೀಕರಿಂದ ಪಡೆಯುವ ಏರ್ಪಾಡು! ಇಂದಿನ ಯಾವ ಹಣಕಾಸು ಮಂತ್ರಿ ಇಂಥ ಪ್ರಸ್ತಾಪ ಮಂಡಿಸಿಯಾರು ಎಂದು ನೀವೇ ಯೋಚಿಸಿ. ಮೂರು ತಿಂಗಳಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ಪ್ರಯೋಗ ಅರ್ಧಕ್ಕೇ ನಿಂತಿತು.

ಎರಡನೆಯ ಸುತ್ತು ಸ್ವಾತಂತ್ರ್ಯಾನಂತರ. ಈಗ ಮುಂದೆ ನಿಂತವರು ಗೃಹಮಂತ್ರಿ ಮೊರಾರ್ಜಿ ದೇಸಾಯಿ. ವ್ಯತ್ಯಾಸ ಗಮನಿಸಿ: ವೈದ್ಯರ ಮೇಜಿನ ಮೇಲಿದ್ದ ವಿಷಯ ಪೊಲೀಸರ ಮೇಜಿಗೆ ಬಂತು. ಮುಂಬಯಿ ಪಾನನಿರೋಧ ಕಾಯ್ದೆ 1949ರಲ್ಲಿ ಬಂತು, 1950ರ ಏಪ್ರಿಲ್ ವೇಳೆಗೆ ಇಡೀ ಮುಂಬಯಿ ರಾಜ್ಯ ಒಣ ರಾಜ್ಯವಾಯಿತು. ಗಡಿಯಾಚೆ ಕುಂದಾಪುರದ ಕಡೆ ಮದರಾಸು ಸರ್ಕಾರ 1948ರ ಅಕ್ಟೋಬರ್ 2ರಂದೇ ಪಾನನಿರೋಧವನ್ನು ರಾಜ್ಯವ್ಯಾಪಿ ಮಾಡಿತ್ತು. ಹೀಗೆ ಕರಾವಳಿಯ ಉದ್ದಕ್ಕೂ ಗಡಂಗುಗಳ ಬಾಗಿಲು ಬಿದ್ದಿತು. ಮರ ಹತ್ತುವವನ ಕಸುಬು ಒಂದು ಆಜ್ಞೆಯಿಂದ ಅಪರಾಧವಾಯಿತು.

ಕಾಯ್ದೆ ಬರಿಯ ಕತ್ತಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಳ್ಳಿನ ಬದಲು ನೀರಾ ಮತ್ತು ತಾಳೆಬೆಲ್ಲಕ್ಕೆ ಪ್ರೋತ್ಸಾಹ ಕೊಡುವ ಮಾತಿತ್ತು. ಮರದಿಂದ ಇಳಿದ ರಸ ಸಿಹಿಯಾಗಿಯೇ ಇರುತ್ತದೆ. ಗಾಳಿಯಲ್ಲಿರುವ ಯೀಸ್ಟ್ ಕೆಲವೇ ತಾಸುಗಳಲ್ಲಿ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ರಸದ ಕ್ಷಾರತೆ ಏರಿ ಯೀಸ್ಟ್ ತೆಪ್ಪಗಾಗುತ್ತದೆ. ನೀರಾಕ್ಕೂ ಕಳ್ಳಿಗೂ ನಡುವೆ ಇರುವುದು ಇಷ್ಟೇ, ಒಂದು ಹಿಡಿ ಸುಣ್ಣ ಮತ್ತು ಅರ್ಧ ದಿನದ ಬಿಸಿಲು. ಇದನ್ನು ಇನ್ಸ್‌ಪೆಕ್ಟರು ಕಾವಲು ಕಾಯುವುದು ಹೇಗೆ? (ತೆಂಗು ಬೆಳೆಗಾರರಿಗೆ ನೀರಾ ಇಳಿಸಲು ಅವಕಾಶ ಕೊಡುವಂತೆ ಕರ್ನಾಟಕ ತನ್ನ ಅಬಕಾರಿ ಕಾಯ್ದೆಗೆ ತಿದ್ದುಪಡಿ ತಂದದ್ದು 2016ರಲ್ಲಿ.)

ಇನ್ನು ವ್ಯಸನಿಯ ವಿಚಾರ. ಮುಂಬಯಿ ಕಾಯ್ದೆಯಲ್ಲಿ ಪರ್ಮಿಟ್‌ಗಳಿದ್ದವು. ಆರೋಗ್ಯಕ್ಕೆ ಮದ್ಯ ಅಗತ್ಯವೆಂದು ವೈದ್ಯರ ಪ್ರಮಾಣಪತ್ರ ತಂದರೆ ಹೆಲ್ತ್ ಪರ್ಮಿಟ್, ಮನೆಯಲ್ಲಿ ತುರ್ತಿಗೆಂದು ಒಂದಿಷ್ಟು ಬ್ರಾಂದಿ ಇಟ್ಟುಕೊಳ್ಳಲು ಎಮರ್ಜೆನ್ಸಿ ಪರ್ಮಿಟ್. ಪ್ರಮಾಣಪತ್ರ, ಅರ್ಜಿ, ಕಚೇರಿ ಎಂಬ ಈ ದಾರಿ ಮುಂಬಯಿ ಪೇಟೆಯ ಓದುಬರಹ ಬಲ್ಲವನಿಗೆ ತೆರೆದದ್ದು. ಕಾಸರಕೋಡಿನ ಬಲೆಗಾರನಿಗೂ ಮಂಕಿಯ ಗದ್ದೆ ಆಳಿಗೂ ಅದು ಇದ್ದೂ ಇಲ್ಲದ ದಾರಿ. ಇದೇ ಕಾಯ್ದೆಯ ಮೇಲೆ ಬಲ್ಸಾರಾ ಎಂಬವರ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1951ರಲ್ಲಿ ತೀರ್ಪಾಯಿತು. ಮದ್ಯಸಾರ ಬೆರೆತ ಔಷಧ ಮತ್ತು ಶೃಂಗಾರ ಸಾಮಗ್ರಿಗಳನ್ನು ನಿಷೇಧಿಸುವ ಭಾಗವನ್ನು ಕೋರ್ಟು ತೆಗೆದುಹಾಕಿತು, ಕಾಯ್ದೆಯ ಬಹುಭಾಗವನ್ನು ಉಳಿಸಿತು.

ಇಲ್ಲಿ ವಿಜ್ಞಾನದ ಒಂದು ಮಾತನ್ನು ಸೇರಿಸದಿದ್ದರೆ ಚರಿತ್ರೆ ಅರ್ಥವಾಗುವುದಿಲ್ಲ. ವರ್ಷಗಟ್ಟಲೆ ಪ್ರತಿದಿನ ಕುಡಿದವನ ಮೆದುಳು ಮದ್ಯದ ಮಂಪರಿಗೆ ಹೊಂದಿಕೊಂಡಿರುತ್ತದೆ. ಮದ್ಯ ಬ್ರೇಕು ಹಾಕುತ್ತದೆ, ಮೆದುಳು ಆಕ್ಸಿಲರೇಟರನ್ನು ಒತ್ತಿಯೇ ಇರುತ್ತದೆ, ಗಾಡಿ ಹೇಗೋ ಸಾಗುತ್ತದೆ. ಒಂದು ದಿನ ಬ್ರೇಕನ್ನು ಏಕಾಏಕಿ ಕಿತ್ತರೆ? ಕೆಲವು ತಾಸುಗಳಲ್ಲೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಒಂದೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಇಲ್ಲದ ಹುಳುಗಳು ಮೈಮೇಲೆ ಹರಿದಂತಾಗುತ್ತದೆ, ಇಲ್ಲದವರ ಮಾತು ಕೇಳಿಸುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಹಳ್ಳಿಯಲ್ಲಿ ಗಾಳಿ ಸೋಕಿದೆ ಎಂದು ಗಾಡಿಗನ ಬಳಿ ಒಯ್ಯುತ್ತಿದ್ದರು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವು ಸಂಭವಿಸುತ್ತದೆ. ಕೆಲವು ದಿನ ಅಳತೆಯಲ್ಲಿ ಕೊಡುವ ಶಮನಕಾರಿ ಮಾತ್ರೆ, ಥಯಾಮಿನ್ ಎಂಬ ಬಿ ಜೀವಸತ್ವ, ನೀರಿನಂಶ, ನೋಡಿಕೊಳ್ಳಲು ಒಬ್ಬ ನರ್ಸು ಇದ್ದರೆ ಬಹುಪಾಲು ಮಂದಿ ಸುರಕ್ಷಿತವಾಗಿ ದಾಟುತ್ತಾರೆ. ಹೃದಯಕ್ಕೆ ಶಸ್ತ್ರಕ್ರಿಯೆ ಮಾಡುವಷ್ಟು ದೊಡ್ಡ ಏರ್ಪಾಡೇನೂ ಇದಕ್ಕೆ ಬೇಡ, ತಾಲ್ಲೂಕು ಆಸ್ಪತ್ರೆಯ ಮಂಚ ಸಾಕು. ದಾಟಿದ ಮೇಲೆ ತಿಂಗಳುಗಳ ಕಾಲ ಮಾತುಕತೆ, ಔಷಧ, ಜೊತೆಗಾರರ ಬೆಂಬಲ ಬೇಕು. ಅದು ಇನ್ನೂ ಕಷ್ಟದ ಭಾಗ.

1950ರಲ್ಲಿ ಉತ್ತರ ಕನ್ನಡದವರಿಗೆ ಮಾನಸಿಕ ಚಿಕಿತ್ಸೆಯ ಹಳೆಯ ಸರ್ಕಾರಿ ಆಸ್ಪತ್ರೆ ಇದ್ದದ್ದು ಘಟ್ಟದ ಮೇಲೆ ಧಾರವಾಡದಲ್ಲಿ. ಅಂಗಡಿ ಮುಚ್ಚುವ ದಿನಾಂಕವನ್ನು ಸರ್ಕಾರ ಗೊತ್ತುಮಾಡಿತು. ಮರುದಿನ ನಡುಗುವ ಕೈಗಳು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡಲಿಲ್ಲ. ಆ ಕೈಗಳು ಹೋದದ್ದು ಭಟ್ಟಿಗೆ. ಗೇರುಹಣ್ಣು ಕೊಳೆಯುವ ಕಾಲದಲ್ಲಿ ಕಾಡಿನಂಚಿನಲ್ಲಿ ಭಟ್ಟಿ ಹೂಡುವುದು ಕಷ್ಟದ ವಿದ್ಯೆಯಲ್ಲ. ಜೊತೆಗೆ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಗೋವಾ ಹಸಿ ನಾಡಾಗಿಯೇ ಇತ್ತು. ಕಾರವಾರದ ಆಚೆಯ ಮಾಜಾಳಿಯ ಗಡಿ ಅಂದಿನಿಂದ ಇಂದಿನವರೆಗೂ ಅಬಕಾರಿ ಸಿಬ್ಬಂದಿಗೆ ನಿದ್ದೆ ಕೊಟ್ಟಿಲ್ಲ.

1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮುಂಬಯಿಯಿಂದ ಬಂದ ಭಾಗ, ಮದರಾಸಿನಿಂದ ಬಂದ ಭಾಗ, ಹೈದರಾಬಾದಿನಿಂದ ಬಂದ ಭಾಗ, ಹಳೇ ಮೈಸೂರು, ಒಂದೊಂದಕ್ಕೆ ಒಂದೊಂದು ಕಾಯ್ದೆ. ಇವನ್ನು ಒಂದು ಮಾಡಲು 1961ರ ಮೈಸೂರು ಪಾನನಿರೋಧ ಕಾಯ್ದೆ ಬಂತು. ಬೆನ್ನಿಗೇ ಗಾಳಿ ತಿರುಗಿತು. 1965ರ ಅಬಕಾರಿ ಕಾಯ್ದೆ 1967ರಲ್ಲಿ ಜಾರಿಗೆ ಬಂದು ಪಾನನಿರೋಧ ಕೊನೆಗೊಂಡಿತು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹದ ಮುಂದಾಳಾಗಿ ಸೆರೆಮನೆ ಕಂಡಿದ್ದ ಅದೇ ನಿಜಲಿಂಗಪ್ಪನವರು! ಇದನ್ನು ಅವಕಾಶವಾದ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಅಣೆಕಟ್ಟು, ಶಾಲೆ, ರಸ್ತೆಗಳಿಗೆ ಹಣ ಹೊಂದಿಸಬೇಕಾದ ರಾಜ್ಯ, ಕಣ್ಣೆದುರೇ ನಡೆಯುತ್ತಿದ್ದ ಕಳ್ಳ ವ್ಯಾಪಾರ, ಎರಡೂ ಅವರ ಮುಂದಿದ್ದವು. ನನ್ನ ಆಕ್ಷೇಪ ಬೇರೆ. ಹದಿನೇಳು ವರ್ಷ ಮುಚ್ಚಿದ್ದ ಬಾಗಿಲನ್ನು ತೆರೆಯುವಾಗಲೂ, ಅದನ್ನು ಮುಚ್ಚುವಾಗ ಮಾಡಿದಂತೆಯೇ, ವ್ಯಸನಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಂದಿನ ಮಂತ್ರಿಮಂಡಲದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು ಈ ಜಿಲ್ಲೆಯ ಮಗ, ಹೊನ್ನಾವರ ಕುಮಟಾಗಳಿಗೆ ನೆರೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ. ಒಟ್ಟು 13 ಬಜೆಟ್ ಮಂಡಿಸಿದ ಅವರ ದಾಖಲೆ 2023ರವರೆಗೂ ಯಾರಿಂದಲೂ ಮುರಿಯಲಾಗಲಿಲ್ಲ. ಅಬಕಾರಿಯ ಹಣ ರಾಜ್ಯದ ಬೊಕ್ಕಸಕ್ಕೆ ಏನೆಂಬುದನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಕಾಲದ ಆಟ ನೋಡಿ: 1977ರಲ್ಲಿ ಮೊರಾರ್ಜಿ ಪ್ರಧಾನಿಯಾಗಿ ನಾಲ್ಕು ವರ್ಷಗಳಲ್ಲಿ ದೇಶದಲ್ಲೆಲ್ಲ ಪಾನನಿರೋಧ ತರುವ ಗುರಿ ಸಾರಿದಾಗ, ಅದೇ ಜನತಾ ಪಕ್ಷದ ಪ್ರಧಾನ ಕಾರ್ಯದರ್ಶಿಗಳಲ್ಲಿ ಹೆಗಡೆ ಒಬ್ಬರು. ಮೊರಾರ್ಜಿ ಸರ್ಕಾರ 1979ರಲ್ಲಿ ಉರುಳಿತು, ಗುರಿಯೂ ಅದರೊಂದಿಗೆ ಹೋಯಿತು.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದು ಮಿಥೈಲ್ ಆಲ್ಕೊಹಾಲ್. ವಾಸನೆಯಲ್ಲಿ, ರುಚಿಯಲ್ಲಿ ಕುಡಿಯುವ ಮದ್ಯಸಾರದ ಅಣ್ಣನಂತೆ ಕಂಡರೂ ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಸತ್ತವರು ಹೆಚ್ಚಾಗಿ ಅಗ್ಗದ್ದನ್ನು ಹುಡುಕಿಕೊಂಡು ಹೋದ ಬಡವರು. ಹೀಗೆ ಸಾರಾಯಿಯ ತಯಾರಿಕೆ, ಬಾಟ್ಲಿಂಗ್, ಗುತ್ತಿಗೆ ಇವೆಲ್ಲ ಎಂಬತ್ತರ ದಶಕದ ರಾಜಕೀಯದ ನಡುಮನೆಗೆ ಬಂದವು. 1983ರಲ್ಲಿ ಹೆಗಡೆ ಮುಖ್ಯಮಂತ್ರಿಯಾದರು. 1986ರ ಫೆಬ್ರವರಿಯಲ್ಲಿ ಅವರ ಸರ್ಕಾರ ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳನ್ನು ನಿರ್ವಹಿಸಿದ ರೀತಿಯನ್ನು ಉಚ್ಚ ನ್ಯಾಯಾಲಯ ಕಟುವಾಗಿ ಟೀಕಿಸಿದಾಗ ಹೆಗಡೆ ರಾಜೀನಾಮೆ ಕೊಟ್ಟರು, ಮೂರು ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಕೊಟ್ಟದ್ದನ್ನು ಮೆಚ್ಚಿದವರಿದ್ದಾರೆ, ಹಿಂತೆಗೆದುಕೊಂಡದ್ದನ್ನು ಅಣಕಿಸಿದವರಿದ್ದಾರೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ: ಆ ಗದ್ದಲವೆಲ್ಲ ಬಾಟಲಿಯನ್ನು ಯಾರು ತುಂಬಬೇಕು ಎಂಬುದರ ಬಗ್ಗೆ. ಬಾಟಲಿ ಖಾಲಿ ಮಾಡುವವನ ಬಗ್ಗೆ ಅಲ್ಲ.

ಆದರೂ ಹೆಗಡೆಯವರ ಕಾಲದ ಒಂದು ಕೆಲಸ ಪರೋಕ್ಷವಾಗಿ ಈ ವಿಷಯಕ್ಕೆ ಸಲ್ಲುತ್ತದೆ. ಅಬ್ದುಲ್ ನಜೀರ್ ಸಾಬರೊಂದಿಗೆ ಅವರು ಕಟ್ಟಿದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಂದಿದ್ದಾರೆಯೇ ಎಂದು ಕೇಳುವ ಅಧಿಕಾರ ಹಳ್ಳಿಯ ಹತ್ತಿರಕ್ಕೆ ಬಂದದ್ದು ಆಗ. ಅದೇ ಕಾಲದಲ್ಲಿ, 1985ರಿಂದ, ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಒಂದು ಪ್ರಯೋಗ ನಡೆಸಿತು. ಮನೋರೋಗಗಳ ಚಿಕಿತ್ಸೆಯನ್ನು ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ತಾಲ್ಲೂಕು ಮಟ್ಟಕ್ಕೆ ತಲುಪಿಸಬಹುದೇ ಎಂಬ ಪ್ರಯೋಗ. ತಲುಪಿಸಬಹುದು ಎಂದಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಮ್ಮ ರಾಜ್ಯ ದೇಶಕ್ಕೆ ಕೊಟ್ಟ ಕೊಡುಗೆಗಳ ಪಟ್ಟಿಯಲ್ಲಿ ಇದನ್ನು ಸೇರಿಸುವವರು ಅಪರೂಪ.

ಅಫೀಮು ಗಾಂಜಾಗಳ ಕಥೆ ಬೇರೆಯೇ ಲೇಖನಕ್ಕೆ ಸಲ್ಲಬೇಕು. ಒಂದೇ ಮಾತು ಹೇಳುತ್ತೇನೆ. 1985ರ ಕೇಂದ್ರದ ಮಾದಕವಸ್ತು ಕಾಯ್ದೆ ಎಷ್ಟೇ ಕಠೋರವಾಗಿದ್ದರೂ ಚಿಕಿತ್ಸಾ ಕೇಂದ್ರ ಸ್ಥಾಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮುಂದಿನ ತಿದ್ದುಪಡಿಯಲ್ಲಿ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ರಕ್ಷಣೆಯನ್ನೂ ಸೇರಿಸಲಾಯಿತು. 1949ರ ಮದ್ಯದ ಕಾಯ್ದೆ ಬರೆದವರಿಗೆ ಹೊಳೆಯದಿದ್ದದ್ದು ಇದು.

ತೊಂಬತ್ತರ ದಶಕದಲ್ಲಿ ಸರ್ಕಾರದ ಹೊರಗೆ ಒಂದು ಪ್ರಯತ್ನ ಹುಟ್ಟಿತು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಜನಜಾಗೃತಿ ವೇದಿಕೆ ಹಳ್ಳಿಯ ಸಭಾಭವನಗಳಲ್ಲಿ ಎಂಟು ದಿನಗಳಷ್ಟು ಕಾಲದ ಮದ್ಯವರ್ಜನ ಶಿಬಿರಗಳನ್ನು ನಡೆಸತೊಡಗಿತು. ಉತ್ತರ ಕನ್ನಡಕ್ಕೂ ಅವು ಬಂದವು. 2022ರಲ್ಲಿ ಹೆಗ್ಗಡೆಯವರು ರಾಜ್ಯಸಭೆಗೆ ನಾಮಕರಣಗೊಂಡದ್ದರಿಂದ ಅವರನ್ನೂ ಈ ರಾಜಕಾರಣಿಗಳ ಸಾಲಿನಲ್ಲೇ ನೋಡಬಹುದು. ಈ ಶಿಬಿರಗಳ ಶಕ್ತಿ ಊರಿನವರೇ ಸೇರಿ ನಡೆಸುವುದರಲ್ಲಿದೆ, ಮುಗಿದ ಮೇಲೆ ಬಿಟ್ಟವರದೇ ನವಜೀವನ ಸಮಿತಿ ಕಟ್ಟುವುದರಲ್ಲಿದೆ. ಆದರೆ ಯಾವ ಶಿಬಿರವೇ ಆಗಲಿ, ಫಿಟ್ಸ್ ಬರುವ, ಯಕೃತ್ತು ಕೆಟ್ಟ, ಖಿನ್ನತೆಯಲ್ಲಿ ಮುಳುಗಿದ ರೋಗಿಗೆ ಆಸ್ಪತ್ರೆಯ ಬದಲಿಯಾಗದು. ಭಜನೆ ಮನಸ್ಸಿಗೆ ಬಲ ಕೊಟ್ಟೀತು, ಥಯಾಮಿನ್ ಕೊಡಲಾರದು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. ಬಜೆಟ್ ಮಂಡಿಸಿದವರು ಆಗ ಹಣಕಾಸು ಖಾತೆಯಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ. ಕೂಲಿಯವರ ಸಂಬಳವನ್ನು ಸಂಜೆಯೊಳಗೆ ನುಂಗುತ್ತಿದ್ದ ಪ್ಯಾಕೆಟ್ ಸಾರಾಯಿ ಹೋದದ್ದು, ಹರಾಜು ಗುತ್ತಿಗೆದಾರರ ಹಿಡಿತ ಸಡಿಲವಾದದ್ದು ಸಣ್ಣ ಸಾಧನೆಯಲ್ಲ. ಎಷ್ಟೋ ಹೆಂಗಸರು ಇದಕ್ಕಾಗಿ ಬೀದಿಗಿಳಿದಿದ್ದರು. ಆದರೆ 1950ರ ಪಾಠ ಇಲ್ಲೂ ಮರೆತುಹೋಯಿತು. ನಿಷೇಧದ ದಿನಾಂಕ ಇತ್ತು, ಅದಕ್ಕೆ ಸಮನಾಗಿ ಪ್ರತಿ ತಾಲ್ಲೂಕಿನಲ್ಲಿ ಚಿಕಿತ್ಸೆಯ ಮಂಚ ಸಿದ್ಧವಾಗಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ವಿಷಮದ್ಯ ನೂರಕ್ಕೂ ಹೆಚ್ಚು ಜೀವ ತೆಗೆಯಿತು. ಉಳಿದವರು ಸಾರಾಯಿಯಿಂದ ಅಗ್ಗದ ವಿಸ್ಕಿ, ರಮ್ಮುಗಳಿಗೆ ಸರಿದರು. ಅಬಕಾರಿ ಆದಾಯ ಕುಗ್ಗಲಿಲ್ಲ, ಏರಿತು. 2025-26ರ ಬಜೆಟ್‌ನಲ್ಲಿ ಸರ್ಕಾರ ಇಟ್ಟುಕೊಂಡ ಅಬಕಾರಿ ಗುರಿ 40,000 ಕೋಟಿ ರೂಪಾಯಿ.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನು ಇಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅಂದರೆ ಸರ್ಕಾರಿ ಚಿಕಿತ್ಸೆ ಕೇಳುವುದು ಈಗ ಹಕ್ಕು, ದಯೆಯಲ್ಲ. ಕಾನೂನು ಹೀಗಿದೆ, ರಸ್ತೆ ಹೇಗಿದೆ? ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಕುಮಟಾದಿಂದ ಹುಬ್ಬಳ್ಳಿಗೆ ಘಟ್ಟದ ದಾರಿ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರು ವರ್ಷಗಳಿಂದ ಕೂಗುತ್ತಿರುವುದನ್ನು ನೀವು ಕೇಳಿದ್ದೀರಿ. ಆ ಬೇಡಿಕೆಯಲ್ಲಿ ಅಪಘಾತ, ಹೃದಯ, ಹೆರಿಗೆಗಳ ಮಾತು ನ್ಯಾಯವಾಗಿಯೇ ಮುಂದಿದೆ. ವ್ಯಸನಿಯ ಹೆಸರು ಅಲ್ಲೂ ಕೇಳಿಸುವುದಿಲ್ಲ, ಏಕೆಂದರೆ ಅವನ ಮನೆಯವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ.

ಹಾಗಾದರೆ ಮತ ಕೇಳಲು ಬಂದವರಿಗೆ ಏನು ಕೇಳಬೇಕು? ಅಂಗಡಿ ಮುಚ್ಚುವಿರೋ ತೆರೆಯುವಿರೋ ಎಂಬುದು ಎರಡನೆಯ ಪ್ರಶ್ನೆಯಾಗಲಿ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸಲು ಎಷ್ಟು ಮಂಚ ಮೀಸಲು, ಮಾತ್ರೆ ದಾಸ್ತಾನಿದೆಯೇ, ಬಿಟ್ಟವನನ್ನು ಆರು ತಿಂಗಳು ವಿಚಾರಿಸಿಕೊಳ್ಳುವ ಆಪ್ತಸಮಾಲೋಚಕರು ಇದ್ದಾರೆಯೇ, ಈ ತಾಲ್ಲೂಕಿನಿಂದ ಹೋಗುವ ಅಬಕಾರಿ ಹಣದಲ್ಲಿ ರೂಪಾಯಿಗೆ ಒಂದು ಪೈಸೆಯಾದರೂ ಇದಕ್ಕೆ ವಾಪಸಾಗುತ್ತದೆಯೇ ಎಂದು ಕೇಳಿ. ಗಿಲ್ಡರ್ ಅವರಂತೆ ಎರಡೂ ಖಾತೆಗಳನ್ನು ಒಬ್ಬರ ಕೈಗೆ ಕೊಡದಿದ್ದರೂ ಚಿಂತೆಯಿಲ್ಲ. ಎರಡು ಖಾತೆಗಳವರೂ ವರ್ಷಕ್ಕೊಮ್ಮೆ ಒಂದೇ ಮೇಜಿಗೆ ಬಂದು ಲೆಕ್ಕ ಒಪ್ಪಿಸಲಿ.

ಅಲ್ಲಿಯವರೆಗೆ ಇರುವುದನ್ನು ಬಳಸಿಕೊಳ್ಳಬೇಕಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ರೂಪುಗೊಂಡಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ದೂರವಾಣಿ 14446. ಟೆಲಿ ಮಾನಸ್‌ನ ಸಂಖ್ಯೆ 14416, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಹೆಂಡತಿಯೋ ಮಗಳೋ ಮಾಡಿದರೂ ಉತ್ತರ ಸಿಗುತ್ತದೆ. ಒಂದು ಎಚ್ಚರಿಕೆ: ದಿನವೂ ಕುಡಿಯುತ್ತಿದ್ದವರು ಹಠದಿಂದ ಒಮ್ಮೆಗೇ ನಿಲ್ಲಿಸಿದಾಗ ನಡುಕ, ಫಿಟ್ಸ್, ಅಸಂಬದ್ಧ ಮಾತು ಕಂಡುಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಒಯ್ಯಿರಿ.